ಜುಂಜಮ್ಮ ಗುಡ್ಲು ಹೊಕ್ಕ ದಿನ

ಕಳ್ಳಂಬೆಳ್ಳದಾಚೆಯ ಗೊಲ್ಲರಹಟ್ಟಿಯಲ್ಲಿ ಜುಂಜಮ್ಮನಿಗೆ ಕೋಪಿಷ್ಠೆ ಎಂದೇ ಹೆಸರು. ಹೆಸರು ಸುಳ್ಳಲ್ಲ. ಹದಿನೆಂಟನೆಯ ವಯಸ್ಸಿಗೆ ಹೆತ್ತ ಅವಳ ಚೊಚ್ಚಲ ಕೂಸು ಹಟ್ಟಿಯಾಚೆಯ ಗರಿ ಹೊದಿಸಿದ ಗುಡ್ಲಿನಲ್ಲಿ, ಮೂರನೆಯ ದಿನ, ಶೀತಕ್ಕೆ ಸೆಟೆದು ಸತ್ತಿತ್ತು. ಬಾಣಂತಿ ಮೈಲಿಗೆ, ದೇವರಿರುವ ಹಟ್ಟಿಯೊಳಗೆ ಇರಬಾರದು. ಅವಳನ್ನು ಮುಟ್ಟಿದವರೂ ಆಚೆಯೇ ಇರಬೇಕು. ಅದು ಕಟ್ಟಳೆ. ಅಂದಿನಿಂದ ಅವಳ ಹೊಟ್ಟೆಯ ಬೆಂಕಿ ಆರಿರಲಿಲ್ಲ.

ಗಂಡ ತೀರಿದ ಮೇಲೆ ಒಮ್ಮೆ ಶಿರಾ ಸಂತೆಗೆ ಹೋದವಳು ಮಳೆ ಬಂತೆಂದು ಪ್ರಾರ್ಥನೆ ಮನೆಯ ಜಗಲಿ ಹತ್ತಿದಳು. ಒಳಗೆ ಪಾಸ್ಟರ ಹೆಂಡತಿ ರಾಧಾಮಣಿ ಹೇಳುತ್ತಿದ್ದಳು: ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳು ಜನರ ನಡುವೆ ನುಸುಳಿ ಯೇಸುವಿನ ಬಟ್ಟೆಯ ಅಂಚು ಮುಟ್ಟಿದಳು, ಅವನು ಬೈಯಲಿಲ್ಲ, ಮಗಳೇ ಎಂದ.

ಜುಂಜಮ್ಮ ಜಗಲಿಯಿಂದಲೇ ಕೂಗಿದಳು. "ಆಚೆ ಕಳಿಸ್ನಿಲ್ವಾ?"

"ಇಲ್ಲ ಕಣಮ್ಮ."

"ಮೈಲಿಗೆ ಆಯ್ತು ಅಂತ ನೀರು ಉಯ್ಕಳ್ನಿಲ್ವಾ?"

ರಾಧಾಮಣಿ ನಕ್ಕು ಒಳಗೆ ಕರೆದಳು. ಅಲ್ಲಿಂದಾಚೆಗೆ ಜುಂಜಮ್ಮ ಒಂದು ಭಾನುವಾರವನ್ನೂ ತಪ್ಪಿಸಿಲ್ಲ.

ಮೊನ್ನೆ ಕಾರ್ತಿಕದಲ್ಲಿ ಸೊಸೆ ಲಾವಣ್ಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತು ಬಂದಳು. ಮಗ ಜಯರಾಮು ಕುರಿಮಂದೆಯ ಹಿಂದೆ ವೈ.ಎನ್.ಹೊಸಕೋಟೆ ಕಡೆ ಹೋಗಿದ್ದ. ಜುಂಜಮ್ಮ ಹೊಲದಿಂದ ಬರುವಷ್ಟರಲ್ಲಿ ಪೂಜಾರಿ ಮುದ್ದಪ್ಪ ಆಟೋಗೆ ಕೋಲು ಅಡ್ಡ ಹಿಡಿದು ಬಾಣಂತಿಯನ್ನು ಗುಡ್ಲಿಗೆ ಕಳಿಸಿಬಿಟ್ಟಿದ್ದ. ಆ ರಾತ್ರಿ ಅವಳು ಎಷ್ಟು ಕೂಗಾಡಿದರೂ ಅವನು ಜಗ್ಗಲಿಲ್ಲ. ಮಾರನೆಯ ಬೆಳಿಗ್ಗೆ ಜಡಿಮಳೆ ಹಿಡಿಯಿತು. ಗುಡ್ಲಿನ ಗರಿ ಸೋರಿ, ಕೂಸು ಕೆಮ್ಮತೊಡಗಿತು.

ಜುಂಜಮ್ಮ ಕುಡುಗೋಲು ಎತ್ತಿಕೊಂಡಳು. ಮುದ್ದಪ್ಪನ ಮನೆಯತ್ತ ಹತ್ತು ಹೆಜ್ಜೆ ಹಾಕಿ, ನಿಂತು, "ಹೇಳ್ಬುಡು ಯೇಸಪ್ಪ, ಕಡೀಲಾ ಬ್ಯಾಡ್ವಾ?" ಎಂದು ಗಟ್ಟಿಯಾಗಿಯೇ ಕೇಳಿದಳು. ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಕಾಲು ತಾನಾಗಿ ಗುಡ್ಲಿನ ಕಡೆ ತಿರುಗಿತು. ಕುಡುಗೋಲನ್ನು ಬೇಲಿಗೆ ಸಿಕ್ಕಿಸಿ ಒಳನುಗ್ಗಿ, ಕೂಸನ್ನು ಎದೆಗೊತ್ತಿಕೊಂಡಳು. ಎಷ್ಟೋ ವರ್ಷದ ಮೇಲೆ ಉಸಿರು ಸಲೀಸಾಗಿ ಆಡಿತು.

"ಏಳು ಮಗ, ಮನೆಗೋಗನ" ಎಂದಳು ಸೊಸೆಗೆ.

ಹಟ್ಟಿಯ ಬಾಗಿಲಲ್ಲಿ ಮುದ್ದಪ್ಪ ಎದುರಾದ. "ಲೇ ಜುಂಜಿ, ಆ ಪಾಸ್ಟ್ರು ಮಾತು ಕೇಳ್ಕಂಡು ಹಟ್ಟಿ ಕೆಡುಸ್ತೀಯಾ?" ಎಂದು ಸಿಟ್ಟಿನ ಭರದಲ್ಲಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ನೂಕಿದ.

ನೋಡುತ್ತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು.

ಜುಂಜಮ್ಮ ಅಂದಳು: "ಮುಟ್ಬುಟ್ಟೆಯಲ್ಲ ಮುದ್ದಣ್ಣ! ಇನ್ನು ನೀನೂ ಆಚೆ. ಬಾ, ಗುಡ್ಲಲ್ಲಿ ಬೇಕಾದಂಗೆ ಜಾಗ ಐತೆ. ಮೇಲಿಂದ ನೀರೂ ಬೀಳ್ತೈತೆ."

ಮುದ್ದಪ್ಪ ತನ್ನ ಕೈಯನ್ನೇ ನೋಡಿಕೊಂಡ. "ನಂಗೇನು, ಒಂದಿಷ್ಟು ಗಂಜ್ಲ ಚುಮುಕಿಸ್ಕಂಡ್ರೆ ಮುಗೀತು. ಸಂಜೆ ಪೂಜೆ ಐತೆ."

"ನಿಂಗೆ ಗಂಜ್ಲದಲ್ಲಿ ಮುಗಿಯೋದು ಈ ಹಸಿಬಾಣ್ತಿಗೆ ಯಾಕ್ಲಾ ಮುಗಿಯಕಿಲ್ಲ? ಹೇಳು! ಇಷ್ಟು ಜನ ಅವ್ರೆ, ಎಲ್ರ ಮುಂದ್ಲೇ ಹೇಳು!"

ಮುದ್ದಪ್ಪನ ಹೆಂಡತಿಯೇ ಗಂಜಲದ ಚೆಂಬು ತಂದಳು. ಮೊದಲು ಗಂಡನ ಮೇಲೆ ಚಿಮುಕಿಸಿ, ಆಮೇಲೆ ಅವನ ಮುಖ ನೋಡದೆ ಲಾವಣ್ಯಳ ಮೇಲೂ ಎರಡು ಹನಿ ಹಾಕಿದಳು. ಚೆಂಬು ತನ್ನತ್ತ ಬಂದಾಗ ಜುಂಜಮ್ಮ, "ನಂಗೆ ಬ್ಯಾಡ ತಾಯಿ, ನಾನು ಮೈಲಿಗೆ ಆಗಿಲ್ಲ" ಎಂದು ಕೂಸನ್ನು ಸೆರಗಿನಲ್ಲಿ ಸುತ್ತಿ ನಡೆದಳು. ಕೋಲು ಅಡ್ಡ ಬರಲಿಲ್ಲ.

ಮನೆಯಲ್ಲಿ ಕೂಸಿಗೆ ಒಣಬಟ್ಟೆ ಹೊದಿಸಿ ಮಂಡಿಯೂರಿದಳು.

"ಅವನ್ನ ಕ್ಷಮಿಸು ಅಂತ ಇವತ್ತು ಕೇಳ್ಬ್ಯಾಡ ಯೇಸಪ್ಪ, ನನ್ ಕೈಲಾಗಕಿಲ್ಲ. ಈ ಕೆಮ್ಮು ನಿಲ್ಸು."

ಎದ್ದು, ಆಶಾ ಕಾರ್ಯಕರ್ತೆಗೆ ಫೋನು ಮಾಡೆಂದು ಸೊಸೆಗೆ ಹೇಳಿ, ಒಲೆಗೆ ಸೌದೆ ಇಟ್ಟಳು.