ಜಗುಲಿಯ ಮೇಲೆ ಹಾಕಿದ ಎಲೆ

ರಾಮನಗರದಲ್ಲಿ ನಮ್ಮ ಪತ್ರಿಕಾ ಕಚೇರಿಯ ಹಿಂದೆ ಒಂದು ಕಲ್ಯಾಣ ಮಂಟಪವಿದೆ. ಮದುವೆಯ ದಿನ ಅಲ್ಲಿಂದ ಬರುವ ವಾಸನೆ ಒಂದು ಬಗೆ, ಬೀಗರೂಟದ ದಿನದ್ದು ಇನ್ನೊಂದು ಬಗೆ. ಮೊನ್ನೆ ಬೆಳಿಗ್ಗೆ ಮಾಂಸಕ್ಕೆ ಮಸಾಲೆ ಹುರಿಯುವ ವಾಸನೆ ಕಿಟಕಿಯಿಂದ ನುಗ್ಗಿದಾಗ ನಮ್ಮ ಆಪರೇಟರ್ ಟೈಪ್ ಮಾಡುವುದನ್ನು ನಿಲ್ಲಿಸಿ ಗಡಿಯಾರ ನೋಡಿದ. ನನಗೆ ರುದ್ರೇಶ ನೆನಪಾದ. ಅವನು ಮಾಂಸ ಮುಟ್ಟಿದವನಲ್ಲ. ಆದರೂ ಆ ವಾಸನೆಗೂ ಅವನಿಗೂ ನನ್ನ ತಲೆಯಲ್ಲಿ ಗಂಟು ಬಿದ್ದು ಬಹಳ ವರ್ಷಗಳಾದವು.

ನಿಮಗೆ ನಮ್ಮ ಸೀಮೆ ಹೊಸದಾದರೆ ಒಂದು ವಿಷಯ ಹೇಳಿಬಿಡಬೇಕು. ಇಲ್ಲಿ ಬಾಡೂಟ, ಅಂದರೆ ಮಾಂಸದೂಟ, ಹಾಕದೆ ಏನೇ ಶುರು ಮಾಡಿದರೂ ಅದು ಶುರುವಾದ ಹಾಗಲ್ಲ. ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಬಾಡೂಟ, ಟ್ರ್ಯಾಕ್ಟರ್ ಬಂದರೆ ಬಾಡೂಟ. ಪಂಚಾಯಿತಿ ಚುನಾವಣೆ ಗೆದ್ದವನು ಹಾಕಿಸುವುದು ಸರಿ, ಸೋತವನೂ ಜೊತೆಗಿದ್ದವರಿಗೆಂದು ಒಂದು ಹಾಕಿಸುತ್ತಾನೆ. ಹೀಗಿರುವಾಗ ಮಾಗಡಿಯ ನಮ್ಮ ಕಾಲೇಜಿನಲ್ಲಿ ಸೋದರ ಬಳಗದ ಘಟಕ ಬೇರೆ ಹೇಗೆ ತಾನೇ ಶುರುವಾಗಬೇಕಿತ್ತು?

ಘಟಕ ತೆರೆಯುವ ಯೋಚನೆ ರುದ್ರೇಶನದೇ. ಅವನು ಕುದೂರಿನ ಅಯ್ನೋರ, ಅಂದರೆ ಊರವರು ಕಾಲಿಗೆ ಬೀಳುವ ಜಂಗಮರ, ಮನೆಯ ಒಬ್ಬನೇ ಮಗ. ತಾಯಿ ಇರಲಿಲ್ಲ, ತಂದೆ ಬಸ್ ನಿಲ್ದಾಣದ ಹತ್ತಿರ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದರು. ಬೆಂಗಳೂರಿನ ಕಾಲೇಜೊಂದರಲ್ಲಿ ಹುಡುಗರು ಸೋದರ ಬಳಗವೆಂಬ ಸಂಘ ಕಟ್ಟಿಕೊಂಡಿದ್ದರು. ಸೇರಿದವರೆಲ್ಲ ಅಣ್ಣತಮ್ಮಂದಿರು, ಒಬ್ಬನ ಮನೆಯ ಕಷ್ಟ ಎಲ್ಲರದು. ಅಲ್ಲಿ ಓದುತ್ತಿದ್ದ ರುದ್ರೇಶನ ನೆಂಟನೊಬ್ಬ ಆಸ್ಪತ್ರೆ ಸೇರಿದಾಗ ಬಳಗದವರು ಸರದಿಯ ಮೇಲೆ ಮಂಚದ ಪಕ್ಕ ಕೂತದ್ದನ್ನು ಇವನು ನೋಡಿಬಂದಿದ್ದ. ಕುದೂರು ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಬರುವಾಗ ನನಗೂ ನಮ್ಮ ಗೆಳೆಯ ಗಂಗರಾಜನಿಗೂ ಅದನ್ನೇ ಹೇಳುತ್ತಿದ್ದ.

"ಅಪ್ಪಂಗೆ ಬಿಪಿ, ಶುಗರ್ ಎರಡೂ ಐತೆ. ನಾಳೆ ಏನಾರ ಆದ್ರೆ ನನ್ ಪಕ್ಕ ನಿಂತ್ಕೊಳೋಕೆ ಯಾರವ್ರೆ ಕಣ್ಲಾ?"

"ನಾವಿಲ್ವೇನ್ಲಾ?" ಎಂದ ಗಂಗರಾಜ. "ಪಕ್ಕ ಏನು, ಹಿಂದೆ ಮುಂದೆ ಎಲ್ಲಾ ನಿಂತ್ಕತೀವಿ. ಈಗ ಒಸಿ ಕಾಲು ತೆಗಿ, ನನ್ ಪಾದದ್ ಮೇಲೆ ನಿಂತಿದೀಯ."

ಬೆಂಗಳೂರಿನವರು ಒಪ್ಪಿದರು. ನಮ್ಮ ಪ್ರಿನ್ಸಿಪಾಲರು ಇದು ಯೂನಿಯನ್ನೋ ಭಜನಾ ಮಂಡಳಿಯೋ ಎಂದು ವಿಚಾರಿಸಿ, ಎರಡೂ ಅಲ್ಲವೆಂದು ತಿಳಿದ ಮೇಲೆ ಅನುಮತಿ ಕೊಟ್ಟರು. ರುದ್ರೇಶ ಅಧ್ಯಕ್ಷನಾದ. ಅಕ್ಷರ ದುಂಡಗಿತ್ತೆಂಬ ಒಂದೇ ಕಾರಣಕ್ಕೆ ನಾನು ಪ್ರಚಾರ ಕಾರ್ಯದರ್ಶಿಯಾದೆ. ನನ್ನ ಪತ್ರಿಕಾ ವೃತ್ತಿಗೆ ಅದಕ್ಕಿಂತ ದೊಡ್ಡ ಬುನಾದಿ ಇಲ್ಲ. ಮೂಲ ಬಳಗದ ನಿಯಮಗಳಿಗೆ ರುದ್ರೇಶ ತನ್ನದೊಂದನ್ನು ಸೇರಿಸಿದ: ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. "ನಿಮ್ಮೆಲೆಗೆ ನಿಮ್ದು ಬಡಿಸ್ಕಳಿ, ನನ್ನೆಲೆಗೆ ಸೊಪ್ಪಿನ್ ಸಾರು," ಎಂದ. ನಾವು ಕೈಯೆತ್ತಿ ಒಪ್ಪಿದೆವು.

ಉದ್ಘಾಟನೆಯ ಊಟ ಗಂಗರಾಜನ ತೋಟದ ಮನೆಯಲ್ಲಿ. ಅಯ್ನೋರ ಮಗ ಬರುತ್ತಾನೆಂದು ಗಂಗರಾಜನ ತಾಯಿ ಹೊಸ ಪಾತ್ರೆ ತರಿಸಿ, ಅಯ್ನೋರ ಪೈಕಿಯ ಹೆಂಗಸನ್ನೇ ಕರೆಸಿ ಬೇರೆ ಒಲೆಯಲ್ಲಿ ಅಡುಗೆ ಮಾಡಿಸಿದ್ದರು. ತೊಳೆದ ಜಗುಲಿಯ ಮೇಲೆ ಒಂದೇ ಒಂದು ಎಲೆ. ಅದರ ತುಂಬ ಒಬ್ಬಟ್ಟು, ಕೋಸಂಬರಿ, ತುಪ್ಪ. ಮಾವಿನ ಮರದ ಕೆಳಗೆ ನಮ್ಮ ಸಾಲಿಗೆ ಇನ್ನೂ ಎಲೆ ಹಾಕಿರಲಿಲ್ಲ.

"ಮೊದ್ಲು ನೀವು ಉಣ್ಣಿ ಸ್ವಾಮಿ. ನೀವು ಏಳೋಗಂಟ ನಾವು ಕೂರಕಿಲ್ಲ," ಎಂದರು ಆಕೆ.

"ನಾನೂ ಅಲ್ಲೇ ಅವ್ರ ಜೊತೆ ಕೂತ್ಕತೀನಿ ಕಣವ್ವ."

"ಶಿವನೇ, ಹಂಗನ್ಬ್ಯಾಡಿ. ನಮ್ಗೆ ಪಾಪ ಸುತ್ಕತದೆ."

ರುದ್ರೇಶ ಗೆಳೆಯನ ಕಡೆ ತಿರುಗಿದ. "ಗಂಗ, ನೀನಾರ ಹೇಳ್ಲಾ."

ಗಂಗರಾಜ ತಾಯಿಯ ಪಕ್ಕ ಕೈಕಟ್ಟಿ ನಿಂತಿದ್ದ. "ಅವ್ವ ಬೆಳಿಗ್ಗೆಯಿಂದ ಉಪಾಸ ಐತೆ," ಎಂದು, ಎಲೆಯ ಕಡೆ ನೋಡಿ, "ಕೂತ್ಕಳಿ ನೀವು," ಎಂದ.

ಅದು ಅವಮಾನವಾಗಿದ್ದರೆ ಜಗಳವಾಡಬಹುದಿತ್ತು. ರುದ್ರೇಶ ಜಗುಲಿ ಹತ್ತಿ ಕೂತು ಉಂಡ. ನಾವೆಲ್ಲ ನಿಂತು ನೋಡಿದೆವು. ಕಡೆಗೆ, ಒಬ್ಬಟ್ಟು ಬಹಳ ಚೆನ್ನಾಗಿದೆ ಎಂದು ಆಕೆಗೆ ಹೇಳಿದ. ಆಕೆಯ ಕಣ್ಣು ತುಂಬಿತು.

ಆಮೇಲೆ ಬಳಗದ ಸಭೆಗಳಲ್ಲಿ ಅವನಿಗೊಂದು ಕುರ್ಚಿ ಬರತೊಡಗಿತು. ನಾವು ನೆಲದ ಮೇಲೆ ಕೂರುತ್ತಿದ್ದೆವು. ಬಸ್ಸಿನಲ್ಲಿ ಅವನಿಗೆ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಅವನ ಕಾಲು ಯಾರ ಪಾದದ ಮೇಲೂ ಬೀಳುತ್ತಿರಲಿಲ್ಲ. ಮರುವರ್ಷ ಅವನ ತಂದೆ ತೀರಿಕೊಂಡರು. ಬಳಗದ ಒಬ್ಬನೂ ತಪ್ಪಿಸಿಕೊಳ್ಳದೆ ಕುದೂರಿಗೆ ಹೋದೆವು. ಅವರ ಶಾಸ್ತ್ರ ಬೇರೆ, ನಾವು ನಡುವೆ ನುಗ್ಗಬಾರದೆಂದು ಗಂಗರಾಜ ಎಲ್ಲರನ್ನೂ ರಸ್ತೆಯ ಈಚೆ, ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಚಪ್ಪಲಿ ಬಿಟ್ಟು ಮಧ್ಯಾಹ್ನದವರೆಗೆ ನಿಂತಿದ್ದೆವು. ಆಚೆ ಬಾಗಿಲಲ್ಲಿ ರುದ್ರೇಶ ಒಬ್ಬನೇ ಕೂತಿದ್ದ. ಒಮ್ಮೆ ತಲೆಯೆತ್ತಿ ನಮ್ಮನ್ನೆಲ್ಲ ನೋಡಿದ. ಮಾರನೆಯ ತಿಂಗಳು ಕಾಲೇಜು ಬಿಟ್ಟು ಅಂಗಡಿಯಲ್ಲಿ ಕೂತ. ಬಳಗ ಬಿಟ್ಟೆನೆಂದು ಅವನು ಯಾರಿಗೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬೀಗರೂಟದ ವಾಸನೆ ಬಂದ ಆ ದಿನವೇ ಮಧ್ಯಾಹ್ನ ಮಾಗಡಿ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಕಚೇರಿಗೆ ಬಂದರು. ಬಳಗದ ಹೊಸ ಘಟಕ ಕನಕಪುರದಲ್ಲಿ ತೆರೆಯುತ್ತಿದ್ದಾರಂತೆ, ಸುದ್ದಿ ಹಾಕಬೇಕಂತೆ. ಊಟದ ವ್ಯವಸ್ಥೆ ಹೇಗೆ ಎಂದು ಕೇಳಿದೆ.

"ಬಾಡೂಟ ಸಾರ್. ವೆಜ್‌ನೋರ್ಗೆ ಬೇರೆ ಶಾಮಿಯಾನ, ಮೊದಲ್ನೇ ಪಂಕ್ತಿ. ಅದು ನಮ್ ಬಳಗದ ಪದ್ಧತಿ. ಸ್ಥಾಪಕರ ಕಾಲದಿಂದ ನಡ್ಕಂಡ್ ಬಂದೈತೆ."

"ಸ್ಥಾಪಕರನ್ನ ಕರೆದ್ರಾ?"

"ಕುದೂರಿಗೋಗಿ ಕರೆದ್ವಿ ಸಾರ್. ಬತ್ತೀನಿ ಅಂದವ್ರೆ. ಊಟಕ್ ಮಾತ್ರ ನಿಲ್ಲಕಿಲ್ವಂತೆ."

ನಾನೂ ಬರುತ್ತೇನೆ, ಊಟಕ್ಕೆ ನಿಲ್ಲುವುದಿಲ್ಲ ಎಂದೆ. ಯಾಕೆಂದು ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ.

"ಅದಕ್ಕೇನಂತೆ ಸಾರ್," ಎಂದ ಅವರಲ್ಲೊಬ್ಬ, ಬಹಳ ವಿನಯದಿಂದ. "ಇಬ್ರಿಗೂ ಬೇರೆ ಬೇರೆ ಪಾರ್ಸೆಲ್ ಕಟ್ಟಿಸ್ತೀವಿ."