ಬೋಗುಣಿ ತೊಳೆದು ಕೊಡಬೇಡಿ

ಬೇಕರಿಯ ಹಿಂಬಾಗಿಲಲ್ಲಿ ಬೆಳಗಿನ ಬ್ರೆಡ್ಡು ಹೊರಗೆ ಹೋಗುವ ಹೊತ್ತಿಗೆ ಕೋಳಿ ಒಳಗೆ ಬರುತ್ತದೆ. ಇವತ್ತು ಭಾನುವಾರ, ಬೀದಿದೀಪ ಇನ್ನೂ ಆರಿಲ್ಲ. ಕಲ್ಲುಮೇಜಿನ ಮೇಲೆ ಮೂರು ಇಡೀ ಕೋಳಿಗಳನ್ನು ಸಾಲಾಗಿ ಮಲಗಿಸಿಕೊಂಡು ಬೀದಿಯವರೆಲ್ಲರ ಚಿಕ್ಕಮ್ಮ ಒಂದೊಂದನ್ನೇ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ, ಸ್ನಾನ ಮಾಡಿಸಿದ ಮಗುವನ್ನು ಒರೆಸುವ ಹಾಗೆ. ರೆಕ್ಕೆಯ ಸಂದು, ತೊಡೆಯ ಸಂದು, ಹೊಟ್ಟೆಯ ಒಳಗೆ, ಎಲ್ಲೂ ಒಂದು ಹನಿ ನೀರು ಉಳಿಯುವಂತಿಲ್ಲ. "ಒದ್ದೆ ಕೋಳಿ ಸುಡಲ್ಲ, ಬೇಯುತ್ತೆ ಅಷ್ಟೆ. ಬೇಯಿಸಿದ ಕೋಳಿ ಬೇಕಿದ್ರೆ ಅವರವರ ಮನೇಲೇ ಮಾಡ್ಕೋಬಹುದಲ್ಲ, ಇಲ್ಲಿಗ್ಯಾಕೆ ತರ್ಬೇಕು?" ಎನ್ನುತ್ತಾರೆ. ಮಾತು ನಡೆದಿರುವಾಗಲೂ ಕೈ ನಿಲ್ಲುವುದಿಲ್ಲ.

ಸುತ್ತಲಿನ ನಾಲ್ಕಾರು ಬೀದಿಗಳಲ್ಲಿ ಯಾರ ಮನೆಯಲ್ಲಿ ನೆಂಟರಿಷ್ಟರು ಸೇರಿದರೂ ಊಟದ ಮೇಜಿನ ನಡುವೆ ಕೂರುವುದು ಚಿಕ್ಕಮ್ಮನ ಕೋಳಿ. ಕೆಳಗೆ ಸೊಪ್ಪಿನ ಹಾಸಿಗೆ, ಹೊಟ್ಟೆಯಲ್ಲಿ ಹಣ್ಣು, ಮೈಮೇಲೆ ಬೆಣ್ಣೆ. ಬಂದವರು ಅಡುಗೆಯನ್ನು ಹೊಗಳುತ್ತಾರೆ, ಮನೆಯೊಡತಿ ನಾಚಿಕೊಂಡ ಹಾಗೆ ನಗುತ್ತಾಳೆ, ಚಿಕ್ಕಮ್ಮನ ಸುದ್ದಿ ಯಾರ ಬಾಯಲ್ಲೂ ಬರುವುದಿಲ್ಲ. ಇದನ್ನು ಹೇಳಿದರೆ ಅವರಿಗೆ ಬೇಸರವೇನೂ ಇಲ್ಲ. "ಅವರ ಮನೆ ಊಟ, ಅವರ ಹೆಸರು. ನಂಗೆ ನನ್ನ ಬೋಗುಣಿ ವಾಪಸ್ ಬಂದ್ರೆ ಸಾಕು."

ಬೋಗುಣಿಯ ವಿಷಯಕ್ಕೆ ಮಾತ್ರ ಅವರು ಬಲು ಬಿಗಿ. ಮಣ್ಣಿನ ಆ ದಪ್ಪ ಬೋಗುಣಿಯನ್ನು ಕೋಳಿಯ ಸಮೇತ ಕೊಡುವಾಗ ಎಲ್ಲರಿಗೂ ಒಂದೇ ಮಾತು: ತೊಳೆದು ಕೊಡಬೇಡಿ. ಹೊಸ ಗಿರಾಕಿಗಳು ಇದನ್ನು ಉಪಚಾರದ ಮಾತೆಂದು ತಿಳಿದು, ಬೂದಿ ಹಾಕಿ ಫಳಫಳ ಉಜ್ಜಿ ತಂದು, ಬೈಸಿಕೊಂಡು ಹೋಗುತ್ತಾರೆ. ಎಂಜಲು ಬೋಗುಣಿಯಲ್ಲಿ ಚಿಕ್ಕಮ್ಮನಿಗೆ ಆ ಮನೆಯ ಊಟವೆಲ್ಲ ಕಾಣುತ್ತದೆ. ತಳದಲ್ಲಿ ಸೊಪ್ಪು ಉಳಿದಿದ್ದರೆ ಉಪ್ಪು ಹೆಚ್ಚಾಗಿದೆ ಎಂದು ಅರ್ಥ. ಹಣ್ಣು ಮಾತ್ರ ಉಳಿದಿದ್ದರೆ ಮುಂದಿನ ಸಲ ಆ ಮನೆಗೆ ಆ ಹಣ್ಣಿಲ್ಲ. ಅಂಚಿನಲ್ಲಿ ಪುಟ್ಟ ಬೆರಳಿನ ಗೆರೆಗಳಿದ್ದರೆ ಮಕ್ಕಳು ಮೇಜಿನ ಕೆಳಗಿನಿಂದ ಕೈ ಹಾಕಿವೆ. "ಹೇಗಿತ್ತು ಅಂತ ಕೇಳಿದ್ರೆ ಎಲ್ಲರೂ ಚೆನ್ನಾಗಿತ್ತು ಅಂತಾರೆ. ಮುಖ ನೋಡ್ಕೊಂಡು ಇನ್ನೇನು ಹೇಳೋಕಾಗುತ್ತೆ? ಬೋಗುಣಿಗೆ ದಾಕ್ಷಿಣ್ಯ ಇಲ್ಲ ನೋಡಿ."

ಬೋಗುಣಿಯ ಆ ಮಾತಿಗೆ ಇವತ್ತು ಎಂದಿಗಿಂತ ಬೆಲೆ ಹೆಚ್ಚು. ಇಷ್ಟು ವರ್ಷ ಚಿಕ್ಕಮ್ಮನಿಗೆ ಅನ್ನ ಕೊಟ್ಟ ಇಟ್ಟಿಗೆ ಭಟ್ಟಿ ಮೂಲೆಯಲ್ಲಿ ತಣ್ಣಗೆ ಬಿದ್ದಿದೆ. ಅದರ ಕಮಾನು ಬಿರುಕು ಬಿಟ್ಟಿದೆ, ಭಟ್ಟಿ ಕಟ್ಟುವವರು ನೋಡಿ ಆಗುವುದಿಲ್ಲ ಎಂದು ತಲೆಯಾಡಿಸಿ ಹೋಗಿದ್ದಾರೆ. ಅದರ ಪಕ್ಕದಲ್ಲಿ ಹೊಸದಾಗಿ ಬಂದು ನಿಂತಿದೆ ಕರೆಂಟಿನ ಓವನ್, ಮದುವೆಗೆ ಬಂದ ಶ್ರೀಮಂತ ಬೀಗರ ಠೀವಿಯಲ್ಲಿ. ಬೇಕರಿಯ ಯಜಮಾನರು ಕೆಟ್ಟವರಲ್ಲ, ಆದರೆ ವ್ಯಾಪಾರಸ್ಥರು. "ನೋಡಮ್ಮ, ಇವತ್ತು ಮೂರು ಮನೆಗೆ ಮಾಡಿ ಕೊಡು. ಅವರು ಒಪ್ಪಿದ್ರೆ ಭಾನುವಾರದ ಓವನ್ ನಿಂದೇ. ಒಪ್ಪದಿದ್ರೆ ಆ ಹೊತ್ತಿಗೆ ನಾನು ಬಿಸ್ಕತ್ತು ಹಾಕ್ತೀನಿ" ಎಂದು ಮುಖದ ಮೇಲೇ ಹೇಳಿದ್ದಾರೆ. ಮುಚ್ಚುಮರೆ ಇಲ್ಲದ ಮಾತು ಎಂದು ಚಿಕ್ಕಮ್ಮನೇ ಮೆಚ್ಚಿಕೊಳ್ಳುತ್ತಾರೆ. ಮೆಚ್ಚಿಕೊಂಡ ಮೇಲೆ ಎರಡು ರಾತ್ರಿ ನಿದ್ದೆ ಮಾಡಿಲ್ಲ, ಆ ಮಾತು ಬೇರೆ.

ಗಂಡ ಇದೇ ಭಟ್ಟಿಗೆ ಸೌದೆ ಹಾಕುತ್ತಿದ್ದವರು. ಎದೆಯ ಕಾಯಿಲೆಯಲ್ಲಿ ಅವರು ಹೋದಾಗ ಮಗ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಯಜಮಾನರು ತಟ್ಟೆ ತೊಳೆಯುವ ಕೆಲಸ ಕೊಟ್ಟರು. ಒಂದು ಬೆಳಿಗ್ಗೆ ಯಜಮಾನರ ಮನೆಗೆ ಹೇಳದೆ ಕೇಳದೆ ನೆಂಟರು ಬಂದಿಳಿದರು, ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬ್ರೆಡ್ಡು ತೆಗೆದ ಮೇಲೂ ಭಟ್ಟಿ ಮಧ್ಯಾಹ್ನದವರೆಗೆ ಸುಮ್ಮನೆ ಕಾದಿರುತ್ತದಲ್ಲ ಎಂದು ಚಿಕ್ಕಮ್ಮನಿಗೆ ಹೊಳೆಯಿತು. ಕೇಕಿಗೆಂದು ತಂದ ಸೇಬಿನಲ್ಲಿ ಪೆಟ್ಟು ಬಿದ್ದವನ್ನು ಕೋಳಿಯ ಹೊಟ್ಟೆಗೆ ತುಂಬಿದರು. ತರಕಾರಿ ಅಂಗಡಿಯವನು ಎಸೆದಿದ್ದ ಎಲೆಕೋಸಿನ ಹೊರಗಿನ ಎಲೆಗಳನ್ನು ತೊಳೆದು ಕೆಳಗೆ ಹಾಸಿದರು. "ಎಲ್ಲಾ ಬಿಟ್ಟಿ ಸಾಮಾನು. ಕಾವೂ ಬಿಟ್ಟಿ. ಆವತ್ತು ಆ ನೆಂಟರು ಹೊರಡೋದೇ ಮರೆತರು, ಯಜಮಾನರಿಗೆ ಅದೊಂದು ಕಷ್ಟ ಆಯ್ತು" ಎಂದು ನಗುತ್ತಾರೆ.

ಅಲ್ಲಿಂದ ಶುರುವಾದದ್ದು ಇವತ್ತಿನವರೆಗೆ ನಿಂತಿಲ್ಲ. ಸಾಮಾನ್ಯ ಭಾನುವಾರಕ್ಕೆ ಹತ್ತು ಹನ್ನೆರಡು ಕೋಳಿ, ರಜೆಯ ದಿನಗಳಲ್ಲಿ ಅದರ ಎರಡರಷ್ಟು. ಕೋಳಿ ಒಪ್ಪಿಕೊಳ್ಳುವ ಮೊದಲು ಚಿಕ್ಕಮ್ಮ ತೂಕ ಕೇಳುವುದಿಲ್ಲ, ಯಾರು ಯಾರು ಬರುತ್ತಾರೆ ಎಂದು ಕೇಳುತ್ತಾರೆ. ದೂರದಿಂದ ಮಗಳು ಬರುವುದಾದರೆ ಮರಸೇಬು ಮತ್ತು ಒಣದ್ರಾಕ್ಷಿ. ಹಲ್ಲಿಲ್ಲದ ಹಿರಿಯರಿದ್ದರೆ ರಸ ಹೆಚ್ಚು ಬಿಡುವ ಸೊಪ್ಪು, ಪಾಲಕ್ಕು, ಸಬ್ಬಸಿಗೆ. ಮುಖ ಮುಖ ನೋಡದವರು ಒಂದೇ ಮೇಜಿಗೆ ಕೂರುವುದಾದರೆ ಹುಳಿ ಕಿತ್ತಳೆ. "ಹುಳಿ ಇದ್ರೆ ಬಾಯಲ್ಲಿ ನೀರೂರುತ್ತೆ. ಬಾಯಿ ತುಂಬಾ ನೀರಿಟ್ಕೊಂಡು ಯಾರೂ ಜಗಳ ಆಡೋಕಾಗಲ್ಲ." ಇದು ನಿಜವೋ ತಮಾಷೆಯೋ ಅವರ ಮುಖ ನೋಡಿ ಹೇಳುವುದು ಕಷ್ಟ.

ಸೊಪ್ಪನ್ನು ಅವರು ಬೋಗುಣಿಯ ಅಂಚು ಮೀರುವಷ್ಟು ಒಟ್ಟುತ್ತಾರೆ. "ಸೊಪ್ಪೂ ನೆಂಟರ ಭರವಸೆನೂ ಒಂದೇ. ಹಾಕುವಾಗ ರಾಶಿ, ಬೆಂದ ಮೇಲೆ ಹಿಡಿ."

ಎದುರಿಗೆ ಸೂಜಿ ಹಿಡಿದು ನಿಂತವಳು ಸೊಸೆ. ಲಾರಿ ಓಡಿಸುವ ಮಗ ಮದುವೆಯಾಗಿ ಕರೆತಂದಾಗ ಅವಳಿಗೆ ಹೊಲಿಗೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ದರ್ಜಿ ಅಂಗಡಿಯಲ್ಲಿ ಬೆಳೆದ ಹುಡುಗಿ. ಈಗ ಕೋಳಿಯ ಹೊಟ್ಟೆ ಹೊಲಿಯುವುದು ಅವಳ ಪಾಲು. ಹಣ್ಣು ತುಂಬಿದ ಮೇಲೆ ಅಂಗಿಯ ಅಂಚು ಮಡಿಸಿ ಹೊಲಿಯುವಷ್ಟು ಅಚ್ಚುಕಟ್ಟಾಗಿ ಹೊಲಿದು, ಎರಡೂ ಕಾಲು ಸೇರಿಸಿ ಗಂಟು ಹಾಕುತ್ತಾಳೆ. "ತಿನ್ನೋರು ಕತ್ತರಿ ಹಾಕೋಕೇ ಹೆದರ್ತಾರೆ" ಎಂದು ಅತ್ತೆ ಹಂಗಿಸುತ್ತಾರೆ. ಸೊಸೆ ತಲೆ ಎತ್ತದೆ, "ಬಿಚ್ಚಿಕೊಂಡ್ರೆ ಬೈಯೋದು ನೀವೇ ಅಲ್ವಾ ಅತ್ತೆ" ಎನ್ನುತ್ತಾಳೆ.

ಇವತ್ತಿನ ಭರವಸೆಯೆಲ್ಲ ನಿಂತಿರುವುದು ಈ ಸೊಸೆ ಮಾಡಿದ ಒಂದು ತಪ್ಪಿನ ಮೇಲೆ. ಇಟ್ಟಿಗೆ ಭಟ್ಟಿಯ ಕಾವು ನೆಲದಿಂದ ಏಳುತ್ತಿತ್ತು, ಮೊದಲು ಸೊಪ್ಪನ್ನು ಬೇಯಿಸಿ ಆಮೇಲೆ ಕೋಳಿಗೆ ಏರುತ್ತಿತ್ತು. ಓವನ್ನಿನ ಕಾವು ಮೇಲಿನಿಂದ ಬೀಸುತ್ತದೆ. ಮೊದಲ ಸಲ ಪರೀಕ್ಷೆಗೆಂದು ಇಟ್ಟ ಕೋಳಿ ಮೇಲೆ ಇದ್ದಲು, ಒಳಗೆ ಒಣ ಹತ್ತಿ, ಕೆಳಗಿನ ಸೊಪ್ಪು ಅರೆಬರೆ. ಆವತ್ತು ಮನೆಮಂದಿ ಅದನ್ನೇ ನೀರು ಕುಡಿದು ಕುಡಿದು ನುಂಗಿದರು. ಎರಡನೇ ಸಲ ಅತ್ತೆ ಒಂದು, ಸೊಸೆ ಒಂದು ಸಿದ್ಧಮಾಡಿ, ಮೇಲೆಲ್ಲ ಎಲೆಕೋಸಿನ ಎಲೆ ಹೊದಿಸಿ ಒಳಗಿಟ್ಟರು. ತೆಗೆದು ನೋಡಿದರೆ ಅತ್ತೆಯದು ಮತ್ತೆ ಹತ್ತಿ. ಸೊಸೆಯದು ಬೆರಳಿಟ್ಟರೆ ರಸ ಒಸರುತ್ತಿತ್ತು, ತಳದ ಸೊಪ್ಪು ಜಿಡ್ಡು ಕುಡಿದು ಹದವಾಗಿ ಬೆಂದಿತ್ತು. ಎಲೆ ಸರಿಸಿದಾಗ ಗುಟ್ಟು ಕಂಡಿತು. ಅವಳು ಕೋಳಿಯನ್ನು ಬೋರಲು ಮಲಗಿಸಿದ್ದಳು, ಎದೆ ಕೆಳಗೆ, ಬೆನ್ನು ಮೇಲೆ.

"ಯಾಕೆ ಹೀಗೆ ಇಟ್ಟೆ ಅಂತ ಕೇಳಿದೆ. ಬಟ್ಟೆನ ಒಳ್ಳೇ ಮಗ್ಗುಲು ಕೆಳಗೆ ಮಾಡಿಯೇ ಅಲ್ವಾ ಅತ್ತೆ ಹೊಲಿಯೋದು, ಹೊಲಿದ ಮೇಲೆ ತಿರುಗಿಸೋದು ಮರೆತೆ ಅಂದ್ಲು. ಅಳೋ ಹಾಗಾಗಿತ್ತು ಪಾಪ, ಬೈತೀನಿ ಅಂತ." ಚಿಕ್ಕಮ್ಮ ಬೈಯಲಿಲ್ಲ. ಕೋಳಿಯ ಬೆನ್ನಿನಲ್ಲಿರುವ ಕೊಬ್ಬೆಲ್ಲ ಕರಗಿ ಎದೆಗೆ ಇಳಿದಿದೆ, ಎದೆಯಿಂದ ಸೊಪ್ಪಿಗೆ ಇಳಿದಿದೆ ಎಂಬುದು ಅವರಿಗೆ ಕಣ್ಣೆದುರೇ ಕಾಣುತ್ತಿತ್ತು. ಭಟ್ಟಿಯ ಕಾಲದಲ್ಲಿ ಹಾಗೆ ಇಡುವ ಅಗತ್ಯವೇ ಬಿದ್ದಿರಲಿಲ್ಲ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇಷ್ಟು ಬೇಗ ಬರುತ್ತೆ ಅಂದ್ಕೊಂಡಿರ್ಲಿಲ್ಲ" ಎನ್ನುವಾಗ ಅವರ ದನಿಯಲ್ಲಿ ಕೊಂಕಿಲ್ಲ, ಖುಷಿಯೇ ಇದೆ.

ಹಾಗಾಗಿ ಇವತ್ತು ಮೂರೂ ಕೋಳಿ ಬೋರಲು. ಎರಡು ಹಳೆಯ ಗಿರಾಕಿಗಳವು, ಹೆಚ್ಚು ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳುವವರು. ಮೂರನೆಯದು ಬೀದಿ ತುದಿಯ ದೊಡ್ಡ ಮನೆಗೆ. ಅಲ್ಲಿನ ಅಜ್ಜಿಗೆ ಇವತ್ತು ತೊಂಬತ್ತು ತುಂಬುತ್ತದೆ. ಚಿಕ್ಕಮ್ಮ ಮೊದಲ ವರ್ಷ ಮಾಡಿದ ಕೋಳಿಯಿಂದ ಹಿಡಿದು ಎಲ್ಲವನ್ನೂ ತಿಂದ ನಾಲಿಗೆ ಅದು. ಹಿಡಿಸದಿದ್ದರೆ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಬಿಡುತ್ತಾರಂತೆ, ಒಂದು ಮಾತೂ ಆಡುವುದಿಲ್ಲವಂತೆ. ಯಜಮಾನರೂ ಆ ಮನೆಯ ಮಾತಿಗೇ ಕಾಯುತ್ತಿದ್ದಾರೆ. ಯಾರು ಯಾರು ಬರುತ್ತಾರೆ ಎಂದು ಕೇಳಿದ್ದಕ್ಕೆ ಕೋಳಿ ಹೇಳಲು ಬಂದ ಆ ಮನೆಯ ಕಿರಿಯ ಅಳಿಯ, "ಎಲ್ಲರೂ ಬರ್ತಾರೆ ಚಿಕ್ಕಮ್ಮ, ಅದೇ ಭಯ" ಎಂದಿದ್ದ. ಅಜ್ಜಿಯ ದೊಡ್ಡ ಮಗನೂ ಎರಡನೇ ಮಗಳೂ ಮಾತು ಬಿಟ್ಟು ವರ್ಷಗಳಾಗಿವೆ. ಬೋಗುಣಿಗೆ ಹುಳಿ ಕಿತ್ತಳೆ ಧಾರಾಳವಾಗಿ ಬಿದ್ದಿದೆ.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕೋಳಿಗಳನ್ನು ತಿರುಗಿಸಬೇಕು, ಎದೆಯ ಮೇಲಿನ ಚರ್ಮ ಕೆಂಪಗಾಗಬೇಕಲ್ಲ. ಎರಡೂ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಚಿಕ್ಕಮ್ಮ ಮೊದಲೆರಡನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿಸುತ್ತಾರೆ. ಮೂರನೆಯದು, ಅಜ್ಜಿಯ ಮನೆಯದು, ಸೊಪ್ಪಿಗೆ ಅಂಟಿಕೊಂಡಿದೆ. ಎತ್ತುವಾಗ ಎದೆಯ ಒಂದು ಬದಿಯಲ್ಲಿ ಅಂಗೈಯಷ್ಟು ಚರ್ಮ ಹರಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊದಲು ಚೇತರಿಸಿಕೊಂಡವಳು ಸೊಸೆ. ಕಿತ್ತಳೆಯನ್ನು ತೆಳ್ಳಗೆ ಬಿಲ್ಲೆ ಕೊಯ್ದು, ಹರಿದ ಜಾಗಕ್ಕೆ ಒಂದರ ಮೇಲೊಂದು ಅಂಚು ಕೂಡಿಸಿ ತೇಪೆ ಹಾಕುತ್ತಾಳೆ, ಮೇಲೆ ಬೆಣ್ಣೆ ಸವರುತ್ತಾಳೆ. ಓವನ್ನಿನ ಕಾವಿನಲ್ಲಿ ತೇಪೆಯೇ ಒಡವೆಯ ಹಾಗೆ ಹೊಳೆಯತೊಡಗುತ್ತದೆ.

ಆದರೂ ಅಳಿಯ ಬಂದಾಗ ಚಿಕ್ಕಮ್ಮ ಬಚ್ಚಿಡುವುದಿಲ್ಲ. "ಈ ಕಡೆ ಚರ್ಮ ಹರಿದಿದೆಯಪ್ಪ, ಕಿತ್ತಳೆ ಮುಚ್ಚಿದ್ದೀವಿ. ಹೊಸ ಒಲೆ, ಕೈ ಇನ್ನೂ ಕೂತಿಲ್ಲ. ಅಜ್ಜಿಗೆ ಹೇಳಿಬಿಡು. ಮತ್ತೆ, ಬೋಗುಣಿ..."

"ತೊಳೆಯಲ್ಲ ಚಿಕ್ಕಮ್ಮ, ಗೊತ್ತು."

ಮೂರೂ ಬೋಗುಣಿ ಬೀದಿಗಿಳಿದ ಮೇಲೆ ಮಾಡಲು ಕೆಲಸವಿಲ್ಲ. ಇರುವ ಕೆಲಸವೆಂದರೆ ಕಾಯುವುದು, ಅದು ಚಿಕ್ಕಮ್ಮನಿಗೆ ಬಾರದ ಕೆಲಸ. ಮೇಜು ಒರೆಸುತ್ತಾರೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ. ಬೇರೆ ಕಡೆ ಒಲೆ ಸಿಗುವುದಿಲ್ಲವೇ ಎಂದರೆ, "ಸಿಗಬಹುದು. ಆದ್ರೆ ನಮ್ಮ ಹುಡುಗನ ಅಪ್ಪ ಸೌದೆ ಹೊತ್ತ ಜಾಗ ಇದು" ಎಂದು ಮಗನ ಕಡೆಯಿಂದ ಗಂಡನನ್ನು ನೆನೆಯುತ್ತಾರೆ. ಸಂಜೆಗೆ ಮುಂಚೆ ಮೊದಲೆರಡು ಬೋಗುಣಿ ಬರುತ್ತವೆ. ಒಂದರಲ್ಲಿ ನಾಲ್ಕು ಎಲೆ ಸೊಪ್ಪು ಉಳಿದಿದೆ, ಇನ್ನೊಂದರ ಅಂಚಿನ ತುಂಬ ಪುಟ್ಟ ಬೆರಳಿನ ಗೆರೆಗಳು. ಪರವಾಗಿಲ್ಲ ಎನ್ನುವಂತೆ ಚಿಕ್ಕಮ್ಮ ತಲೆಯಾಡಿಸುತ್ತಾರೆ. ಯಜಮಾನರು ಕುರ್ಚಿ ಎಳೆದುಕೊಂಡು ಬಾಗಿಲಲ್ಲೇ ಕೂತಿದ್ದಾರೆ.

ಕೊನೆಗೆ ಅಳಿಯ ಬರುತ್ತಾನೆ. ಅವನ ಕೈಯಲ್ಲಿರುವ ಬೋಗುಣಿ ನೋಡಿದ ಕೂಡಲೇ ಚಿಕ್ಕಮ್ಮನ ಮುಖ ಬಾಡುತ್ತದೆ. ಬೋಗುಣಿ ಶುಭ್ರವಾಗಿದೆ. ಒಂದು ಎಲೆಯಿಲ್ಲ, ಒಂದು ಹನಿ ರಸದ ಕಲೆಯಿಲ್ಲ. ಹಿಡಿಸದ ಊಟವನ್ನು ಚೆಲ್ಲಿ, ತೊಳೆದು, ಮರ್ಯಾದೆಯಾಗಿ ಕಳಿಸುವ ಜನರೂ ಉಂಟು.

"ಅಷ್ಟು ಹೇಳಿದ್ನಲ್ಲಪ್ಪ, ತೊಳೀಬೇಡಿ ಅಂತ."

"ಯಾರೂ ತೊಳೆದಿಲ್ಲ ಚಿಕ್ಕಮ್ಮ. ಅಜ್ಜಿಯ ದೊಡ್ಡ ಮಗನೂ ಎರಡನೇ ಮಗಳೂ ಕಾಲಿನ ತುಂಡಿಗೆ ಕಿತ್ತಾಡಿದ್ರು, ಹಳೇ ಜಗಳ ಯಾರಿಗೂ ನೆನಪಾಗ್ಲಿಲ್ಲ. ಅಷ್ಟರಲ್ಲಿ ಅಜ್ಜಿ ಬೋಗುಣಿನ ತಮ್ಮ ಕಡೆ ಎಳ್ಕೊಂಡು, ಬ್ರೆಡ್ ಅದ್ದಿ ಅದ್ದಿ ಒರೆಸ್ತಾ ಕೂತ್ರು. ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

ಚಿಕ್ಕಮ್ಮ ಬೋಗುಣಿಯ ತಳದಲ್ಲಿ ಬೆರಳು ಎಳೆಯುತ್ತಾರೆ. ಬೆರಳಿಗೆ ತೆಳ್ಳಗೆ ಜಿಡ್ಡು, ಮೂಗಿಗೆ ಕಿತ್ತಳೆಯ ವಾಸನೆ. ನೀರು ತಾಕಿಲ್ಲ. ಕಣ್ಣು ತುಂಬಿ ಬರುತ್ತದೆ, ಅದನ್ನು ಅವರು ಮರೆಮಾಚುವುದೂ ಇಲ್ಲ. ಬಾಗಿಲಲ್ಲಿ ಕೂತ ಯಜಮಾನರು ಎದ್ದು ಕುರ್ಚಿಯನ್ನು ಗೋಡೆಗಿಡುತ್ತಾ, "ಬಿಸ್ಕತ್ತು ಸೋಮವಾರ ಹಾಕಿದ್ರಾಯ್ತು ಬಿಡು" ಎಂದು ಒಳಗೆ ಹೋಗುತ್ತಾರೆ.

ಸೊಸೆ ಮೂರೂ ಬೋಗುಣಿಗಳನ್ನು ತೊಳೆಯಲು ಎತ್ತಿಕೊಳ್ಳುತ್ತಾಳೆ. ಅಜ್ಜಿಯ ಮನೆಯದನ್ನು ಚಿಕ್ಕಮ್ಮ ಅವಳ ಕೈಯಿಂದ ವಾಪಸ್ ತೆಗೆದುಕೊಂಡು, "ಇದು ಇವತ್ತೊಂದು ದಿನ ಹೀಗೇ ಇರಲಿ ಕಣೇ" ಎಂದು ತಣ್ಣಗಾದ ಇಟ್ಟಿಗೆ ಭಟ್ಟಿಯ ಮೇಲೆ ಇಡುತ್ತಾರೆ. ಆಮೇಲೆ ಹೊರಟು ನಿಂತ ಅಳಿಯನನ್ನು ಕೂಗಿ ನಿಲ್ಲಿಸುತ್ತಾರೆ.

"ಅಜ್ಜಿಗೆ ಹೇಳಪ್ಪ, ನೂರು ತುಂಬಿದಾಗಲೂ ಕೋಳಿ ಇಲ್ಲಿಂದಲೇ. ನನ್ನ ಕೈಲಿ ಆಗದಿದ್ರೆ ಇವಳಿದ್ದಾಳೆ."