ಉಣ್ಣುವಾಗ ಗುರ್ರೆನ್ನುವ ನಾಯಿ

ಮುಂಬಯಿ ಹತ್ತಿರದ ಠಾಣೆ, ಡೊಂಬಿವಲಿ ಕಡೆ ಮನೆಮನೆಗೆ ಹೋಗಿ ನಾಯಿಗಳಿಗೆ ಪಾಠ ಹೇಳುತ್ತಿದ್ದ ಕಾಲ ಅದು. ನಿಜ ಹೇಳಬೇಕೆಂದರೆ ಪಾಠ ಬೇಕಾಗಿದ್ದುದು ಹೆಚ್ಚಾಗಿ ಮನೆಯವರಿಗೆ. ಅದನ್ನು ಬಾಯಿಬಿಟ್ಟು ಹೇಳಿಯೇ ಎಷ್ಟೋ ಮನೆಗಳ ಕೆಲಸ ಕಳೆದುಕೊಂಡಿದ್ದೇನೆ.

ಎಂಐಡಿಸಿ ಕಾರ್ಖಾನೆಗಳ ಪಕ್ಕದ ವಸತಿ ಸೊಸೈಟಿಯೊಂದರಲ್ಲಿ ಉಡುಪಿ ಕಡೆಯ ದಂಪತಿ ಇದ್ದರು. ನಾನು ಮಾಮ, ಮಾಮಿ ಎಂದೇ ಕರೆಯುತ್ತಿದ್ದೆ. ಮಾಮ ಸಪ್ಲೈಯರ್ ಆಗಿ ಮುಂಬಯಿಗೆ ಬಂದು, ಕೊನೆಗೆ ತಮ್ಮದೇ ಹೋಟೆಲು ನಡೆಸಿ, ಆಗಷ್ಟೇ ವಿಶ್ರಾಂತಿಗೆಂದು ಮನೆ ಸೇರಿದ್ದರು. ರಸ್ತೆಯಿಂದ ಎತ್ತಿ ತಂದು ಸಾಕಿದ ಅವರ ಕಂದು ನಾಯಿ ಊಟದ ಹೊತ್ತಿಗೆ ಅವರ ಮೇಲೆಯೇ ಗುರ್ರೆನ್ನುತ್ತಿತ್ತು. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅಷ್ಟರೊಳಗೆ ಸರಿಹೋಗದಿದ್ದರೆ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವುದೆಂದು ಮಾಮಿ ತೀರ್ಮಾನಿಸಿದ್ದರು.

ನನಗಿಂತ ಮೊದಲು ಬಂದಿದ್ದ ತರಬೇತುದಾರ ಕತ್ತು ಬಿಗಿಯುವ ಸರಪಳಿ ಹಾಕಿ, ಗುರ್ರೆಂದಾಗಲೆಲ್ಲ ಎಳೆಯಿರಿ ಎಂದು ಹೇಳಿ ಹೋಗಿದ್ದನಂತೆ. ಕೇಳಿ ನನಗೆ ಮೈ ಉರಿಯಿತು. ಗುರ್ರೆನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನೇ ಅಡಗಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚುತ್ತದೆ. ಮೊದಲು ಆ ಸರಪಳಿ ಬಿಚ್ಚಿಸಿದೆ.

"ಮಾಮ, ದಿನಾ ಹಾಕುವ ಹಾಗೇ ಊಟ ಹಾಕಿ" ಎಂದು ಕೂತು ನೋಡಿದೆ. ಮೊಸರನ್ನ ಹಾಕಿದರು. ನಾಯಿ ಬಾಯಿ ಇಟ್ಟಿತೋ ಇಲ್ಲವೋ, ಬಗ್ಗಿ ಇನ್ನೊಂದು ಸೌಟು ಬಡಿಸಿದರು. ಸುತ್ತ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿದರು. ತಟ್ಟೆಯ ತಳ ಕಂಡದ್ದೇ ತಡ, ಅದು ನೆಕ್ಕುತ್ತಿರುವಾಗಲೇ ಎತ್ತಲು ಕೈಹಾಕಿದರು. ನಾಯಿ ಗುರ್ರೆಂದಿತು. ನನಗೆ ನಗು ತಡೆಯಲಾಗಲಿಲ್ಲ.

"ಮಾಮ, ಇದು ನಿಮ್ಮ ಗಿರಾಕಿ ಅಲ್ಲ. ಹಿಂದೆ ಯಾರೂ ಟೇಬಲ್‌ಗೆ ಕಾಯ್ತಾ ಇಲ್ಲ."

"ಎಂತ ಮಾಡುದು ಮಾರಾಯ್ತಿ, ಇಷ್ಟು ವರ್ಷದ ಅಭ್ಯಾಸ" ಎಂದರು. ಪಾಪ, ಆ ಮುಖ ನೋಡಿ ನನ್ನ ನಗು ನಿಂತಿತು.

ಎಲ್ಲವನ್ನೂ ಒಂದೇ ಸಲಕ್ಕೆ ಬಡಿಸಿ ದೂರ ಕೂರಬೇಕು, ಅದು ತಾನಾಗಿ ಎದ್ದು ಹೋದ ಮೇಲೆ ತಟ್ಟೆ ತೆಗೆಯಬೇಕು ಎಂದು ಹೇಳಿಕೊಟ್ಟೆ.

"ಮಗುವಿಗೆ ಏನೂ ಮಾಡುದಿಲ್ಲ ಅಂತ ಮಾತು ಕೊಡ್ತೀಯಾ?" ಮಾಮಿ ಕೇಳಿದರು.

ಯಾವ ನಾಯಿಯ ಪರವಾಗಿಯೂ ಆ ಮಾತು ಕೊಡುವವಳಲ್ಲ ಎಂದೆ. ಮಾಮಿಗೆ ಅದು ಹಿಡಿಸಲಿಲ್ಲ. ಆದರೂ ಮಾಮ ಮತ್ತೆ ನನ್ನನ್ನೇ ಕರೆದರು.

ಮಗಳು ಕೂಸಿನೊಂದಿಗೆ ಬಂದ ಮೇಲೊಮ್ಮೆ ಹೋದೆ. ಅಡುಗೆಮನೆಯ ಬಾಗಿಲಿಗೆ ಹಲಗೆ ಅಡ್ಡ ಇಟ್ಟಿದ್ದರು. ಒಳಗೆ ನಾಯಿ ಬಾಲ ಸಡಿಲಬಿಟ್ಟು ನಿಧಾನ ಉಣ್ಣುತ್ತಿತ್ತು. ನನಗೆ ಹೊಟ್ಟೆ ತಣ್ಣಗಾಯಿತು. ಹಲಗೆಯ ಈಚೆ ಮಾಮ ನೆಲದ ಮೇಲೆ ಕೂತಿದ್ದರು. ಕಚ್ಚುವುದಿಲ್ಲ ತಾನೇ ಎಂದು ಮಗಳು ಕೂಸನ್ನು ಅವುಚಿಕೊಂಡು ಹಿಂದಿಯಲ್ಲಿ ಕೇಳಿದಳು, "ಪಪ್ಪಾ, ಕಾಟೇಗಾ ತೋ ನಹೀ ನಾ?"

"ಗೊತ್ತಿಲ್ಲ ಮಗಾ" ಎಂದರು ಮಾಮ. "ಅದಕ್ಕೇ ನಾನಿಲ್ಲಿ ಕೂತದ್ದು."